ಹರಳೆಣ್ಣೆಯ ಸರದಿ

ಮನೆಗೆ ಹಸುಗೂಸು ಬಂದಿತ್ತು; ಬಂದದ್ದೇ ಅಳತೊಡಗಿತ್ತು. ಅಟ್ಟದ ಮೇಲಿದ್ದ ಹರಳೆಣ್ಣೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತನ್ನನ್ನು ಇಂದಾದರೂ ಯಾರಾದರೂ ಕೆಳಗಿಳಿಸುವರೇ ಎಂಬುದೇ ಅದರ ಚಿಂತೆ.

"ನಾನು ಚಕ್ಕುಲಿ ಕರಿಯುವೆ, ತೆಂಗಿನೆಣ್ಣೆಯಕ್ಕ ಜಡೆಗೆ ಹೊಳಪು ಕೊಡುವಳು," ಎಂದು ಕೆಳಗಿದ್ದ ಕಡಲೆಕಾಯಿ ಎಣ್ಣೆ ಅಬ್ಬರಿಸಿತು. "ನೀನು ಬಾಣಲೆಗಿಳಿದರೆ ತಿಂದವರೆಲ್ಲ ಹಿತ್ತಲಿಗೆ ಓಡಬೇಕಾದೀತು, ತಮ್ಮಾ!"

ಹರಳೆಣ್ಣೆ ದಪ್ಪ, ಆದ್ದರಿಂದ ಮಾತೂ ನಿಧಾನ. ಉತ್ತರ ಹೊಳೆಯುವಷ್ಟರಲ್ಲಿ ಅಜ್ಜಿ ಬಂದು ಅದನ್ನೇ ಇಳಿಸಿದಳು. ಹಸುಗೂಸಿನ ನೆತ್ತಿ ಮೆತ್ತಗಲ್ಲವೇ? ಅದು ತಂಪಾಗಿರಲೆಂದು ಹರಳೆಣ್ಣೆ ತಟ್ಟುವುದು ವಾಡಿಕೆ. ಆಹಾ, ಎಷ್ಟು ಪುಟ್ಟ ನೆತ್ತಿ! ಅಳು ನಿಂತಿತು.

"ಏನಯ್ಯಾ, ಅಲ್ಲೇನು ಮಾಡಿದೆ?" ಎಂದು ಕಡಲೆಕಾಯಿ ಎಣ್ಣೆ ಕೂಗಿತು.

"ಮೆಲ್ಲಗೆ, ಅಣ್ಣಾ," ಎಂದಿತು ಹರಳೆಣ್ಣೆ. "ಮಗು ಈಗಷ್ಟೇ ಮಲಗಿದೆ."