ಇಪ್ಪತ್ತಕ್ಕೊಂದು ಕುರಿ

"ಬುದ್ಧಿ, ವರ್ಷಕ್ಕೆ ನೂರಕ್ಕೆ ಎರಡು ರೂಪಾಯಿ ಮುರಿದುಕೊಂಡರೆ ಅದು ಹೆಚ್ಚೇ?" ಎಂದು ಗುರುಮಲ್ಲಪ್ಪ ಮಠದ ಜಗಲಿಯಲ್ಲಿ ಕೂತು ಗುರುಗಳನ್ನು ಕೇಳಿದ.

ಅವನು ಹೈಸ್ಕೂಲಿನ ಅಟೆಂಡರ್ ಕೆಲಸದಿಂದ ನಿವೃತ್ತನಾಗಿದ್ದ. ಕೈಗೆ ಒಂಬತ್ತು ಲಕ್ಷ ಬಂದಿತ್ತು. ಇನ್ನು ಮುಂದೆ ಅವನಿಗೂ ಹೆಂಡತಿಗೂ ಇದ್ದದ್ದು ಅಷ್ಟೇ. ಖರ್ಚು ಕಡಿಮೆಯ ಇಂಡೆಕ್ಸ್ ಫಂಡಿಗೆ ಹಾಕು, ಅದು ಆರಿಸಲು ಹೋಗದೆ ದೊಡ್ಡ ಕಂಪನಿಗಳ ಷೇರನ್ನೆಲ್ಲ ಒಟ್ಟಿಗೆ ಕೊಳ್ಳುತ್ತದೆ ಎಂದು ಲೆಕ್ಕದ ಮೇಷ್ಟ್ರು ಹೇಳಿದ್ದರು. ತಂಗಿಯ ಮಗ ಲೋಕೇಶ ಮಾರುವ ಫಂಡಿನಲ್ಲಿ ಆರಿಸಿ ಕೊಳ್ಳುವ ಜಾಣರಿದ್ದರು. ಅವರು ಮುರಿದುಕೊಳ್ಳುವ ಆ ಎರಡು ರೂಪಾಯಿಯಲ್ಲಿ ಲೋಕೇಶನಿಗೂ ಪಾಲಿತ್ತು. ಅವನು ನಾಳೆಯೇ ಸಹಿ ಹಾಕಿಸಿಕೊಳ್ಳಲು ಬರುವವನಿದ್ದ. ಬೇಡವೆಂದರೆ ತಂಗಿ ಮಾತು ಬಿಡುತ್ತಾಳೆ.

"ನನಗೆ ಕತೆ ಹೇಳಲು ನೆಟ್ಟಗೆ ಬಾರದು. ಬಿಡಿಸಿ ಹೇಳುತ್ತ ಹೇಳುತ್ತ ಎಳೆದುಬಿಡುತ್ತೇನೆ. ತಾಳಿಕೋ" ಎಂದು ಗುರುಗಳು ಆರಂಭಿಸಿದರು.

ಒಂದು ಊರಿನಲ್ಲಿ ಎಲ್ಲರ ಕುರಿಗಳೂ ಒಂದೇ ಹಿಂಡಾಗಿ ಮೇಯಲು ಹೋಗುತ್ತಿದ್ದವು. ಹಿಂಡಿನ ಹಿಂದೆ ಹೋಗುವವನಿಗೆ ಮನೆಗೊಂದು ಸೇರು ರಾಗಿ ಕೂಲಿ. ಅವನು ಹೆಚ್ಚು ಮಾತಿನವನಲ್ಲ. ಆ ಊರಿಗೆ ಇನ್ನೊಬ್ಬ ಕುರಿಗಾಹಿ ಬಂದ. ಒಬ್ಬ ರೈತನಿಗೆ, "ಒಳ್ಳೆಯ ಹುಲ್ಲು ಎಲ್ಲಿದೆಯೆಂದು ನನಗೆ ಗೊತ್ತು. ನಿಮ್ಮವನ್ನು ಬೇರೆಯಾಗಿ ಮೇಯಿಸುತ್ತೇನೆ. ಪ್ರತಿ ಯುಗಾದಿಗೆ ಇಪ್ಪತ್ತಕ್ಕೊಂದು ಹೆಣ್ಣುಕುರಿ ಕೊಡಿ, ಸಾಕು" ಎಂದ.

ರೈತನ ಬಳಿ ಇಪ್ಪತ್ತು ಕುರಿಗಳಿದ್ದವು. ಇಪ್ಪತ್ತರಲ್ಲಿ ಒಂದು ತಾನೇ ಎಂದು ಒಪ್ಪಿದ. ಪಕ್ಕದ ಮನೆಯವಳ ಬಳಿಯೂ ಇಪ್ಪತ್ತೇ ಇದ್ದವು. ಅವಳು ಊರ ಹಿಂಡಿಗೇ ಬಿಟ್ಟಳು. ಹೊಸ ಕುರಿಗಾಹಿ ಕುಂಟುವ ಮರಿಯನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಹಾಗಾಗಿ ರೈತನಿಗೆ ಅವನ ಮೇಲೆ ಅಕ್ಕರೆ. ಒಂದು ವರ್ಷ ಅವನ ಹುಲ್ಲು ಚೆನ್ನಾಗಿರುತ್ತಿತ್ತು, ಇನ್ನೊಂದು ವರ್ಷ ಊರ ಹಿಂಡಿನದು. ಒಟ್ಟು ನೋಡಿದರೆ ಎರಡೂ ಒಂದೇ.

ಹತ್ತು ವರ್ಷ ಕಳೆಯಿತು. ರೈತನ ಕೊಟ್ಟಿಗೆಯಲ್ಲಿ ನಲವತ್ತು ಕುರಿ, ಪಕ್ಕದವಳಲ್ಲಿ ಅರವತ್ತೆಂಟು.

ರೈತ ಕುರಿಗಾಹಿಯನ್ನು ಕರೆದ. "ನಿನಗೆ ನಾನು ಕೊಟ್ಟದ್ದು ಹದಿನೈದು ಕುರಿ. ಪಕ್ಕದವಳಿಗಿಂತ ಕಡಿಮೆ ಬಿದ್ದದ್ದು ಇಪ್ಪತ್ತೆಂಟು. ಮಿಕ್ಕವು ಎಲ್ಲಿ ಹೋದವು?"

ಕುರಿಗಾಹಿ ತನ್ನ ಕೊಟ್ಟಿಗೆಯ ಬಾಗಿಲು ತೆರೆದು ತೋರಿಸಿದ. "ಕದ್ದಿಲ್ಲ ಗೌಡರೇ. ನೀವು ಕೊಟ್ಟವು ಇಲ್ಲಿ ಮರಿ ಹಾಕಿದವು, ಆ ಮರಿಗಳೂ ಮರಿ ಹಾಕಿದವು."

ಗುರುಮಲ್ಲಪ್ಪ ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದ. ನಡುವೆ ನಿಲ್ಲಿಸಿ, "ಆದರೂ ಬುದ್ಧಿ, ಲೋಕೇಶ ಒಳ್ಳೆಯವನು. ಹೋದ ವರ್ಷ ನನ್ನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿ ಬಂದಿದ್ದ" ಎಂದ.

"ಕುರಿಗಾಹಿಯೂ ಒಳ್ಳೆಯವನೇ. ಮೊದಲು ಅದನ್ನು ತಿಳಿದುಕೋ. ಅವನು ಸುಳ್ಳು ಹೇಳಲಿಲ್ಲ. ಆದರೆ ರೈತ ಕೊಟ್ಟದ್ದು ಕುರಿಯನ್ನಷ್ಟೇ ಅಲ್ಲ, ಅದರ ಜೊತೆಗೆ ಅದು ಮುಂದೆ..."

"ಬುದ್ಧಿ, ಎಲೆ ಹಾಕಿಯಾಯಿತು, ಎಲ್ಲರೂ ಕಾಯುತ್ತಿದ್ದಾರೆ" ಎಂದು ಒಳಗಿನಿಂದ ಅಡುಗೆಯವರು ಕರೆದರು.

ಗುರುಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಹೊಸ್ತಿಲ ಬಳಿ ತಿರುಗಿ ನಿಂತರು.

"ಲೋಕೇಶನಿಗೆ ಕೊಡಬೇಕೆನಿಸಿದಾಗ ನಿನ್ನ ಕೈಯಾರೆ ಕೊಡು, ಎಷ್ಟು ಕೊಟ್ಟೆನೆಂದು ನಿನಗೂ ತಿಳಿದಿರುತ್ತದೆ, ಅವನಿಗೂ ತಿಳಿದಿರುತ್ತದೆ."

ಗುರುಮಲ್ಲಪ್ಪ ಮಡಿಸಿದ ಬೆರಳುಗಳನ್ನು ಬಿಡಿಸಿ, ಈ ಸಲ ತನ್ನ ಒಂಬತ್ತು ಲಕ್ಷದ ಲೆಕ್ಕ ಹಾಕತೊಡಗಿದ.