ಕಿರುಗುಟ್ಟುವ ಮಂಚ, ಮಲಗದ ದೊರೆ

"ಕೇಳ್ರಪ್ಪೋ ಕೇಳಿ! ಬಿಳಿಗಲ್ಲೂರಿನ ಸಿಂಗರಸರ ಅಪ್ಪಣೆ! ಅರಮನೆಗೆ ಬಂದಿರೋ ಮಂಚದ ಮೂರು ಒಗಟು ಬಿಡಿಸಿ, ಮಂಚ ಕೂಡಿಸಿ, ದೊರೆಗೆ ನಿದ್ದೆ ತರಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಮಗಳು ಪದುಮಲೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುತ್ತೆ!"

ಡಂಗುರದವನು ಮಾತಿಗೊಂದು ಸಲ ಆಕಳಿಸುತ್ತಿದ್ದ. ದೊರೆಗೆ ನಿದ್ದೆ ಹತ್ತದೆ ಮೂರು ತಿಂಗಳಾಗಿತ್ತು. ಅವನು ಮಲಗದೆ ಪ್ರಜೆಗಳು ಮಲಗುವಂತಿರಲಿಲ್ಲ. ಊರಿನ ಹುಂಜಗಳು ಯಾವಾಗ ಕೂಗಬೇಕೆಂಬುದನ್ನೇ ಮರೆತಿದ್ದವು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಮಂಚ ಕೊಂಡಿದ್ದು ಏಳು ದಿನದ ದಾರಿಯಾಚೆ, ಮೌನಾಚಾರಿ ಅನ್ನೋ ಮುದಿ ಬಡಗಿಯ ಹತ್ತಿರ. ಒಂದೇ ಹೊನ್ನೆ ಮರ ಕೊಯ್ದು ಮಾಡಿದ ಹಲಗೆ ಮಂಚ, ಒಂದೂ ಮೊಳೆಯಿಲ್ಲ. ಆ ಮರದ ನೆರಳಿಗೆ ಮೂರು ಊರಿನವರು ಮಟಮಟ ಮಧ್ಯಾಹ್ನ ದೀಪ ಹಚ್ಚುತ್ತಿದ್ದರಂತೆ. ಆಚಾರಿ ಅಂದ: "ಕೂಡಿಸಿ ಕೊಟ್ಟರೆ ಯಾವ ಬಾಗಿಲಲ್ಲೂ ಹಿಡಿಯಲ್ಲ. ಬಿಡಿಬಿಡಿಯಾಗಿ ಒಯ್ಯಿರಿ. ಕೂಡಿಸೋ ಬಗೆ ಈ ಮೂರು ಒಗಟಿನಲ್ಲಿದೆ. ನಾನಂತೂ ಬರಲ್ಲ. ನಿದ್ದೆಗೆಟ್ಟ ದೊರೆಯ ಮುಂದೆ ಉಳಿ ಹಿಡಿದು ನಿಲ್ಲೋ ಧೈರ್ಯ ನನಗಿಲ್ಲಪ್ಪ."

ಹಲಗೆಗಳನ್ನು ತನ್ನ ಬಂಡಿಯಲ್ಲಿ ಹೇರಿ ತಂದವನು ಸಣ್ಣೀರ. ಬಾಡಿಗೆ ಬಂಡಿ ಹೊಡೆದು ಬದುಕುವವನು. ಮಂಚ ನಿಲ್ಲೋವರೆಗೂ ಅದನ್ನು ತಂದವನು ಊರು ಬಿಡಕೂಡದೆಂದು ಅವನ ಎತ್ತುಗಳನ್ನು ಅರಮನೆ ಅಂಗಳದಲ್ಲೇ ಕಟ್ಟಿಸಿದ್ದರು.

ದೊರೆ ತನ್ನ ಮಲಗೋ ಕೋಣೆಯಲ್ಲೇ ಸಭೆ ಸೇರಿಸಿ, ಅತ್ತಿಂದಿತ್ತ ಓಡಾಡುತ್ತಲೇ ಮೊದಲನೆಯ ಒಗಟು ಕೇಳಿದ. "ಸತ್ತು ವರುಷವಾದರೂ ಮಳೆಗಾಲದಲ್ಲಿ ಹೊಟ್ಟೆ ತುಂಬ ಕುಡಿಯುತ್ತಾನೆ, ಬೇಸಗೆಯಲ್ಲಿ ಬಡವಾಗುತ್ತಾನೆ. ಪಕ್ಕದವನು ಜಾಗ ಬಿಡದಿದ್ದರೆ ಮನೆ ಒಡೆಯುತ್ತಾನೆ. ಯಾರವನು?"

ಏಳು ಗಾಡಿ ಓಲೆಗರಿ ಹೇರಿಕೊಂಡು ಬಂದಿದ್ದ ಪಂಡಿತ ಕೇಶವಭಟ್ಟ, "ಪ್ರೇತ, ಮಹಾಪ್ರಭು!" ಅಂದ.

"ಪ್ರೇತದ ಮೇಲೆ ಮಲಗಲೇನೋ ನಾನು? ಒಳಗೆ ಹಾಕಿ ಇವನನ್ನ!"

ಆಮೇಲೆ ಎದ್ದವನು ಕತ್ತಿಗುಡ್ಡದ ರಾಜಕುಮಾರ ರಣಧವಳ. ತೋಳು ಅಂದರೆ ತೊಲೆ. "ಹಲಗೆ! ನಮ್ಮ ಕೋಟೆಯ ಬಾಗಿಲೂ ಮಳೆ ಬಂದರೆ ಬಿಗಿಯುತ್ತೆ" ಅಂದ. ಸಭೆ ಭೇಷ್ ಅಂದಿತು.

"ಎರಡನೆಯದು ಕೇಳು. ನಾಲ್ವರು ಅಣ್ಣತಮ್ಮಂದಿರು. ಮೊದಲು ಬಂದವನನ್ನು ಬಿಗಿಯಾಗಿ ತಬ್ಬಿಕೊಂಡರೆ ಕೊನೆಯವನು ಮನೆ ಸೇರಲಾರ. ಎಲ್ಲರನ್ನೂ ಒಂದೇ ಮನೆಗೆ ಸೇರಿಸೋದು ಹೇಗೆ?"

"ಮಂಚದ ಕಾಲುಗಳು! ತಬ್ಬಿದರೇನಂತೆ, ಬಡಿದು ಸೇರಿಸ್ತೀನಿ!" ಅಂದವನೇ ಮೊದಲ ಕಾಲಿಗೆ ಮಂಚದ ಅಡ್ಡಪಟ್ಟಿ ಸಿಕ್ಕಿಸಿ ಬೆಣೆ ಬಡಿದ. ಆ ಏಟಿಗೆ ಮೂರು ಹರದಾರಿ ದೂರದ ಕೆರೆಯ ಮೀನು ದಡಕ್ಕೆ ಹಾರಿದವು. ಎರಡನೆಯದು ಸೇರಿತು, ಮೂರನೆಯದು ಸೇರಿತು. ನಾಲ್ಕನೆಯದು ಎರಡು ಬೆರಳು ಆಚೆಗೇ ನಿಂತಿತು. ಎಷ್ಟು ಬಡಿದರೂ ಒಳಗೆ ಹೋಗಲಿಲ್ಲ, ಬಡಿದ ಬೆಣೆ ಈಚೆಗೂ ಬರಲಿಲ್ಲ. ರಣಧವಳನೂ ಒಳಗೆ ಹೋದ.

ದೊರೆ ಕೂಗಾಡಿದ. "ಇನ್ನು ಯಾರೂ ಇಲ್ಲವೇನ್ರೋ?"

ಅಂಗಳದಿಂದ ಸಣ್ಣೀರ ಬಂದ. "ಬುದ್ಧಿ, ನಾನು ನೋಡಲಾ? ಎತ್ತು ಮೇವು ಬಿಟ್ಟಿವೆ, ಊರಿಗೆ ಹೋಗಬೇಕು."

ಸಭೆ ನಕ್ಕಿತು. ಪದುಮಲೆ ನಗಲಿಲ್ಲ. "ತಲೆ ಹೋದರೆ ಎತ್ತಿನ ಗತಿ ಏನಯ್ಯಾ?" ಅಂದಳು.

"ಇಲ್ಲೇ ಇದ್ದರೂ ಅವು ಸಾಯ್ತವೆ ತಾಯಿ."

ಸಣ್ಣೀರ ಬೆಣೆಗಳ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಎಲ್ಲವನ್ನೂ ಸಡಿಲ ಮಾಡಿದ. "ಗಾಲಿ ಕೂಡಿಸುವಾಗ ಒಂದು ಕಡ್ಡೀನೇ ಪೂರ್ತಿ ಬಡಿದರೆ ಉಳಿದವು ಕೂರಲ್ಲ ಬುದ್ಧಿ. ಎಲ್ಲರೂ ಹೊಸಿಲು ದಾಟಲಿ, ಆಮೇಲೆ ಸುತ್ತಿಗೊಂದೊಂದು ಏಟು." ನಾಲ್ಕು ಕಾಲೂ ಸಡಿಲವಾಗಿ ಸೇರಿದವು. ಆಮೇಲೆ ಸುತ್ತು ಬಂದು ಬಂದು ಬಿಗಿಮಾಡಿದ. ಒಂಬತ್ತು ಹಲಗೆ ಹಾಸುವಾಗ ನಡುನಡುವೆ ಜೋಳದ ಕಾಳಿನಷ್ಟು ಸಂದು ಬಿಟ್ಟ. "ಮಳೆಗಾಲದಲ್ಲಿ ಉಬ್ಬೋಕೆ ಇಷ್ಟು ಜಾಗ ಬೇಕು. ಮೊದಲನೆಯ ಒಗಟು ಹೇಳಿದ್ದು ಇದನ್ನೇ."

ದೊರೆ ಮಲಗಿದ. ಮಂಚ ಕಿರ್ರ್ ಅಂತು. ಮಗ್ಗುಲು ತಿರುಗಿದ, ಮತ್ತೆ ಕಿರ್ರ್. ದೊರೆ ಎದ್ದು ಕೂತ. "ತಳವಾರ, ಇವನ ಕುತ್ತಿಗೆ ಮೇಲೆ ಕತ್ತಿ ಇಡು! ನಾನು 'ಗೆದ್ದೆ' ಅನ್ನೋವರೆಗೂ ತೆಗೀಬೇಡ. ಲೋ, ಮೂರನೆಯದು: ಕಾಲಿದ್ದೂ ನಡೆಯದವನು, ಬಾಯಿಲ್ಲದೆ ಕೂಗ್ತಾನೆ. ಹೊಡೆದರೂ ಸುಮ್ಮನಾಗಲ್ಲ, ಕಾಲು ಕೊಯ್ದರೂ ಸುಮ್ಮನಾಗಲ್ಲ. ಯಾಕೆ?"

ಸಣ್ಣೀರ ಕತ್ತಿಯ ಸಮೇತ ಬಗ್ಗಿದ, ತಳವಾರನೂ ಜೊತೆಗೆ ಬಗ್ಗಿದ. "ಒಂದು ಚೊಂಬು ನೀರು ಕೊಡಿ ತಾಯಿ."

ಪದುಮಲೆ ತಂದುಕೊಟ್ಟಳು. ಸಣ್ಣೀರ ನೆಲಕ್ಕೆ ಸುರಿದ. ನೀರು ಸರಸರ ಹರಿದು, ಮಂಚದ ಒಂದು ಕಾಲಿನ ಅಡಿಯಲ್ಲೇ ನುಸುಳಿ, ಮೂಲೆಯ ಬಚ್ಚಲ ತೂತಿಗೆ ಬಿತ್ತು.

"ಕೂಗೋನು ಮಂಚ ಬುದ್ಧಿ, ತಪ್ಪು ಮಾತ್ರ ಅವನದ್ದಲ್ಲ. ತೊಳೆದ ನೀರು ಹೋಗಲಿ ಅಂತ ಈ ಕೋಣೆ ನೆಲವನ್ನ ಎರಡು ಕಡೆಯಿಂದಲೂ ಮೂಲೆಗೆ ಇಳಿಜಾರು ಮಾಡವ್ರೆ. ಒಂದು ಕಾಲು ನೆಲ ಮುಟ್ಟದೆ ತೂಗಾಡ್ತಾ ಇದೆ. ಇಲ್ಲಿ ಯಾವ ಮಂಚ ಹಾಕಿದ್ದರೂ ನಿಮಗೆ ನಿದ್ದೆ ಬರ್ತಿರಲಿಲ್ಲ." ಇಳಿಜಾರಲ್ಲಿ ಬಂಡಿ ನಿಲ್ಲಿಸಿದಾಗ ಗಾಲಿಗೆ ಒತ್ತು ಕೊಡುವ ಮರದ ತುಂಡು ಅವನ ಸೊಂಟದಲ್ಲೇ ಇತ್ತು. ಅದರಿಂದ ಒಂದು ಚಕ್ಕೆ ಸೀಳಿ ಆ ಕಾಲಿನಡಿ ತೂರಿಸಿದ.

ದೊರೆ ಮಲಗಿದ. ಸದ್ದಿಲ್ಲ. ಮಗ್ಗುಲಾದ. ಸದ್ದಿಲ್ಲ. "ಗೆ..." ಅಂದ, ಅಷ್ಟೇ. ಗೊರಕೆ ಎದ್ದಿತು.

"ಪೂರ್ತಿ ಹೇಳಲಿಲ್ಲವಲ್ಲ, ನಾನು ಕತ್ತಿ ತೆಗೆಯೋ ಹಾಗಿಲ್ಲ" ಅಂದ ತಳವಾರ.

"ಹಾಗಾದರೆ ನೀನೇ ಎಬ್ಬಿಸಿ ಕೇಳು" ಅಂದಳು ಪದುಮಲೆ. ತಳವಾರ ಕತ್ತಿ ಹಿಡಿದೇ ನಿಂತ.

ದೊರೆ ಮೂರು ದಿನ ಮಲಗಿದ. ಇಡೀ ಊರು ಬಿದ್ದಲ್ಲೇ ಮಲಗಿತು. ಎಚ್ಚರ ಇದ್ದವರು ಇಬ್ಬರೇ: ಕತ್ತಿ ಹಿಡಿದವನು, ಕತ್ತಿ ಕೆಳಗಿದ್ದವನು. ತಳವಾರನ ಕೈ ಸೋತಾಗ ಸಣ್ಣೀರನೇ ಅಲಗನ್ನು ಹೆಗಲ ಮೇಲೆ ಹೊತ್ತು, "ಸ್ವಲ್ಪ ಕೈ ಕೊಡವಿಕೊಳ್ಳಣ್ಣ" ಅನ್ನುತ್ತಿದ್ದ. ಪದುಮಲೆ ಆಗಾಗ ಎದ್ದು ಬಂದು ಇಬ್ಬರಿಗೂ ಮಜ್ಜಿಗೆ ಕುಡಿಸಿ, ಎತ್ತುಗಳಿಗೆ ಮೇವು ಹಾಕಿ ಹೋಗುತ್ತಿದ್ದಳು.

ನಾಲ್ಕನೆಯ ದಿನ ದೊರೆ ಮೈಮುರಿದು ಎದ್ದ. "...ದ್ದೆ" ಅಂದ.

ಕತ್ತಿ ಠಣ್ ಅಂತ ಕೆಳಗೆ ಬಿತ್ತು. ಅರ್ಧ ರಾಜ್ಯ ಕೇಳೋ ಮುಂಚೆ ಸಣ್ಣೀರ, ಸೆರೆಯಲ್ಲಿದ್ದ ಇಬ್ಬರನ್ನು ಬಿಡಿ ಅಂತ ಕೇಳಿದ. ನಿದ್ದೆಯಾದ ದೊರೆಗೆ ಯಾರ ತಲೆಯೂ ಬೇಕಿರಲಿಲ್ಲ, ನಕ್ಕು ಒಪ್ಪಿದ. ಎರಡು ದಿನದಲ್ಲಿ ಮದುವೆ. ತಾಳಿ ಕಟ್ಟಿದವನೇ ಸಣ್ಣೀರ ಪದುಮಲೆಯ ಹೆಗಲಿಗೆ ಒರಗಿ ನಿದ್ದೆ ಹೋದ. ಊರಿಗೆ ಊರೇ ತುಟಿಗೆ ಬೆರಳಿಟ್ಟುಕೊಂಡು ಉಂಡಿತು.

ಆ ಚಕ್ಕೆ ಈಗ ನಮ್ಮ ಮನೆಯಲ್ಲಿದೆ, ನನ್ನ ಮಂಚದ ಕಾಲಿನಡಿ. ನಂಬದವರು ಬಂದು ನೋಡಿ. ಬೆಳಗ್ಗೆಯೇ ಬನ್ನಿ, ಉಂಡ ಮೇಲೆ ನನ್ನನ್ನು ಎಬ್ಬಿಸೋಕೆ ಯಾವ ದೊರೆಯಿಂದಲೂ ಆಗಲ್ಲ.