ಎಮ್ಮೆ ಓಡಿದ ದಿಕ್ಕು

“ಮೇಡಂ, ಬೆಳಕು ಹೆಚ್ಚಾದಷ್ಟೂ ಚೆನ್ನಾಗಿ ಕಾಣಬೇಕಲ್ಲವೇ? ನಮಗೆ ಮಾತ್ರ ಕಣ ಹೋದ ದಿಕ್ಕು ಯಾಕೆ ಕಾಣ್ತಿಲ್ಲ?” ಎಂದು ರೇವಣಸಿದ್ಧ ಐದನೇ ಸಲ ಕೇಳಿದ.

ಕುಸುಮಾವತಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪ್ರಯೋಗಾಲಯದ ತೊಟ್ಟಿಯ ದ್ರವದೊಳಗೆ ಕಣವೊಂದು ನುಗ್ಗಿದರೆ ಎರಡು ಬೆಳಕು ಹುಟ್ಟುತ್ತವೆ. ಮೊದಲು ಬರುವ ಚೆರೆಂಕೋವ್ ಬೆಳಕು ಬಡಕಲು, ಆದರೆ ಕಣ ಹೋದ ದಿಕ್ಕನ್ನು ಹೇಳುತ್ತದೆ. ಅದರ ಬೆನ್ನಿಗೇ, ಒಳಗೆ ಕರಗಿಸಿದ ಪುಡಿಯಿಂದಾಗಿ ದ್ರವವೇ ಮಿನುಗುತ್ತದೆ. ಆ ಬೆಳಕು ಧಾರಾಳ, ಕಣದ ಶಕ್ತಿ ಎಷ್ಟೆಂದು ತಿಳಿಸುತ್ತದೆ, ಆದರೆ ದಿಕ್ಕಿಲ್ಲದೆ ಎಲ್ಲ ಕಡೆಗೂ ಚೆಲ್ಲುತ್ತದೆ. ಎರಡನ್ನೂ ಬೇರೆ ಮಾಡಬೇಕಾದ ಈ ಶಿಷ್ಯ, ಮಿನುಗಿಸುವ ಪುಡಿಯನ್ನೇ ಇನ್ನಷ್ಟು ಸುರಿಯಲು ಹೊರಟಿದ್ದ. ಪುಡಿ ಹೆಚ್ಚಾದಷ್ಟೂ ಮಿನುಗು ಬೇಗ ಬಂದು ಮೊದಲ ಬೆಳಕನ್ನು ಮುಚ್ಚಿಬಿಡುತ್ತದೆ; ಒಮ್ಮೆ ಕರಗಿದರೆ ವಾಪಸು ತೆಗೆಯುವಂತಿಲ್ಲ. ಇಬ್ಬರ ಮೂರು ವರ್ಷದ ಕೆಲಸ ಆ ತೊಟ್ಟಿಯಲ್ಲೇ ಮುಳುಗುತ್ತಿತ್ತು.

“ಕೂತ್ಕೋ ಮಾರಾಯ,” ಎಂದು ಮೇಡಂ ಕತೆ ಹೇಳಿದರು.

ಒಬ್ಬ ರೈತನಿಗೆ ಹಗ್ಗ ಕಿತ್ತುಕೊಂಡು ಓಡುವ ಎಮ್ಮೆಯೊಂದಿತ್ತು. ಅದು ಓಡಿದಾಗಲೆಲ್ಲ ಬೀದಿಯ ತುದಿಯ ಮುದುಕಿಯೊಬ್ಬಳು ನೋಡಿ, “ಕೆರೆ ಕಡೆ ಹೋಯ್ತು” ಎಂದೋ “ಗುಡ್ಡದ ಕಡೆ ಹೋಯ್ತು” ಎಂದೋ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಆಮೇಲೆ ಊರವರು ಆಕಳಿಸುತ್ತ ಎದ್ದು ಬಂದು, “ಎಮ್ಮೆ ಹೋಯ್ತು!” ಎಂದು ಕೂಗುತ್ತಿದ್ದರು. ರೈತ ಮುದುಕಿಯ ಮಾತು ಹಿಡಿದು ಹೋಗಿ ಎಮ್ಮೆಯನ್ನು ಹೊಡೆದುಕೊಂಡು ಬರುತ್ತಿದ್ದ. ಒಂದು ದಿನ ಅವನಿಗೆ ಬುದ್ಧಿ ಹೆಚ್ಚಾಯಿತು. ಊರಿಗೆಲ್ಲ ಬೆಲ್ಲ ಹಂಚಿ, “ಎಮ್ಮೆ ಓಡಿದ ಕೂಡಲೇ ಎಲ್ಲರೂ ಗಟ್ಟಿಯಾಗಿ ಕೂಗಬೇಕ್ರಪ್ಪಾ” ಎಂದ. ಮಾರನೆಯ ದಿನ ಎಮ್ಮೆ ಹಗ್ಗ ಕಿತ್ತಿತು. ಬೆಲ್ಲ ತಿಂದ ಊರು ಒಂದೇ ಉಸಿರಿಗೆ ಬೊಬ್ಬೆ ಹಾಕಿತು. ರೈತ ನಡುಬೀದಿಯಲ್ಲಿ ಬುಗುರಿಯಂತೆ ತಿರುಗಿ, “ಯಾವ ಕಡೆ ಹೋಯ್ತ್ರೋ?” ಎಂದರೆ “ಹೋಯ್ತು, ಹೋಯ್ತು!” ಎಂದರು. ಮುದುಕಿಯೂ ಹೇಳಿದ್ದಳು, ಕೇಳಿಸಲಿಲ್ಲ. ಎಮ್ಮೆ ಮತ್ತೆ ಸಿಗಲೇ ಇಲ್ಲ.

“ಈಗ ಅವನು ಮಾಡಬೇಕಿದ್ದದ್ದು...” ಎಂದು ಮೇಡಂ ಬಾಯಿ ತೆರೆದರು.

“ಗೊತ್ತಾಯ್ತು ಬಿಡಿ ಮೇಡಂ! ಊರವರ ಬಾಯಿ ಮುಚ್ಚಿಸಬೇಕಿತ್ತು. ಪುಡಿಯೇ ಬೇಡ, ತೊಟ್ಟಿಗೆ ಬರೀ ನೀರು ತುಂಬಿಸೋಣ!”

ಮೇಡಂ ಹಣೆ ಹಿಡಿದುಕೊಂಡರು. “ಬಾಯಿ ಮುಚ್ಚಿಸಿದರೆ ಓಡಿದ್ದು ಎಮ್ಮೆಯೋ ಕರುವೋ ಅಂತ ಹೇಗೆ ತಿಳಿಯುತ್ತಪ್ಪಾ? ಗದ್ದಲ ಎಷ್ಟು ದೊಡ್ಡದು ಅನ್ನೋದರಿಂದಲೇ ಅದು ಗೊತ್ತಾಗೋದು.”

“ಹಾಗಾದರೆ ಊರವರು ಏನು ಮಾಡಬೇಕಿತ್ತು?”

“ಮುದುಕಿ ಮಾತು ಮುಗಿಸುವ ತನಕ ತಡೆದು, ಆಮೇಲೆ ಕೂಗಬೇಕಿತ್ತು. ನೀನು ನನಗೆ ಅಷ್ಟು ಹೊತ್ತು ಎಂದಾದರೂ ಕೊಟ್ಟಿದ್ದೀಯೇನೋ?”